ಸುಣ್ಣ ಬಳಿದ ಸಹದೇವ

ಆಣೆ ಮಾಡಿಸುವ ಕಲ್ಲು ಸ್ವಚ್ಛ ಇರಬೇಕು ಎಂಬ ಹಟ ಧರ್ಮರಾಜನ ತಲೆ ಹೊಕ್ಕಿತು. ಎಡವಟ್ಟಾದದ್ದು ಅಲ್ಲಿಂದಲೇ.

ಎಳ್ಳಮಾಸೆಯ, ಅಂದರೆ ಎಳ್ಳು ಅಮಾವಾಸ್ಯೆಯ ಮುಂಜಾನೆ. ಹೊಲದ ನಡುವೆ ಬನ್ನಿಗಿಡದ ಬುಡದಲ್ಲಿ ಜೋಳದ ಒಣ ಕಣಕಿ ನಿಲ್ಲಿಸಿ ಗುಡಿಸಲಿನಂಥ ಕೊಂಪಿ ಕಟ್ಟಿಯಾಗಿತ್ತು. ಕೊಂಪಿಯೊಳಗೆ ಐದು ಕಲ್ಲು ಸಾಲಾಗಿ ಕೂತಿದ್ದವು. ಐದು ಜನ ಪಾಂಡವರು. ಈ ಕಡೆಯ ಯಾವ ಹೊಲಕ್ಕೆ ಹೋದರೂ ಇವರು ಇದ್ದೇ ಇರುತ್ತಾರೆ. ವರ್ಷವಿಡೀ ಇವರ ಕಡೆ ಯಾರೂ ತಿರುಗಿ ನೋಡುವುದಿಲ್ಲ, ನಾಯಿ ಬಂದು ಕಾಲೆತ್ತಿದರೂ ಕೇಳುವವರಿಲ್ಲ. ಎಳ್ಳಮಾಸೆ ಬಂತೆಂದರೆ ಮಾತ್ರ ಸುಣ್ಣ, ಕೆಂಪು ಹುರಮಂಜಿ, ಹೊಸ ಶಾಲು, ಸಜ್ಜಿ ಕಡಬು, ಅಂಬಲಿ. ಪೂಜೆ ಮುಗಿದ ಮೇಲೆ ಚರಗ. ಮುಂದಿನವನು ಅಡುಗೆಯ ಮೊದಲ ತುತ್ತುಗಳನ್ನು ಹೊಲದ ಸುತ್ತ ಚೆಲ್ಲುತ್ತ ‘ಹುಲ್ಲಿಗ್ಯೋ’ ಎಂದು ಕೂಗಬೇಕು, ಹಿಂದಿನವನು ನೀರು ಚಿಮುಕಿಸುತ್ತ ‘ಸಾಲಾಂಬ್ರಿಗ್ಯೋ’ ಎಂದು ಓಗೊಡಬೇಕು. ಭೂಮಿ ಉಂಡ ಮೇಲೆ ಮನುಷ್ಯರ ಊಟ.

ಪಾಂಡವರಿಗೆ ಪ್ರತಿವರ್ಷ ಹಳೆಯ ಸುಣ್ಣದ ಮೇಲೆಯೇ ಹೊಸ ಸುಣ್ಣ. ಕೆರೆಯುವ ಪದ್ಧತಿ ಇಲ್ಲ. ಬಳಿದು ಬಳಿದು ಕಲ್ಲುಗಳು ಉಬ್ಬಿ, ಮೂಲೆಯೆಲ್ಲ ಮುಚ್ಚಿ, ಹಿಟ್ಟಿನ ಮುದ್ದೆಯ ಹಾಗೆ ಆಗಿದ್ದವು. ಧರ್ಮರಾಜ ಕಳೆ ತೆಗೆಯುವ ಕುರಪಿ ಹಿಡಿದು ಅವುಗಳ ಮುಂದೆ ಕುಕ್ಕರಗಾಲಲ್ಲಿ ಕೂತ.

“ಏನ ಮಾಡಾಕತ್ತೀಯೋ?” ಅವ್ವ ಇಂದುಬಾಯಿ ಒಲೆಯ ಮುಂದಿನಿಂದ ಕೂಗಿದಳು. ಹೊಲದಲ್ಲೇ ಮೂರು ಗುಂಡು ಹೂಡಿ ಅಂಬಲಿ ಕುದಿಸುತ್ತಿದ್ದಳು.

“ಸುಣ್ಣ ಕೆರಿಯಾಕತ್ತೀನಿ.”

“ದೇವರ ಚರ್ಮಾ ಸುಲೀತಿ ಏನ? ಯಾರರ ಕೆರೀತಾರ?”

“ಇವತ್ತ ಇದರ ಮ್ಯಾಲ ಬಾಜೂ ಹೊಲದ ಚನ್ನವೀರಪ್ಪ ಕಾಕಾ ಕೈ ಇಟ್ಟ ಆಣಿ ಮಾಡ್ತಾನ. ನಾಳಿಗಿ ‘ನಾ ಸುಣ್ಣದ ಮ್ಯಾಲ ಕೈ ಇಟ್ಟಿದ್ದೆ, ಕಲ್ಲಿನ ಮ್ಯಾಲ ಇಟ್ಟಿದ್ದಿಲ್ಲ’ ಅಂದ್ರ? ಆ ಮುದುಕ ಅಂಥಾವ ಇದ್ದಾನ. ಖರೆ ಕಲ್ಲ ಹತ್ತಬೇಕು ಕೈಗೆ.”

“ಕಾಕಾಗ ಮುದುಕ ಅಂತಿ. ಬಾಯಾಗ ಕೆಂಡಾ ಇಟ್ಕೊಂಡ ಹುಟ್ಟೀದಿ ನೀ.”

ಧರ್ಮರಾಜ ಕುರಪಿಯನ್ನು ಒತ್ತಿ ಹಿಡಿದ. ಕೆರೆದ.

ಜಗಳ ಶುರುವಾದದ್ದು ಮಳೆಗಾಲದಲ್ಲಿ. ಇವರ ಹೊಲಕ್ಕೂ ಚನ್ನವೀರಪ್ಪನ ಹೊಲಕ್ಕೂ ನಡುವೆ ಒಂದು ಬದು. ಚನ್ನವೀರಪ್ಪ ಹೊಳೆಯಿಂದ ನೀರಿನ ಪೈಪು ತಂದು ಆ ಬದುವಿನ ಗುಂಟ ಹುಗಿಸಿದ. ಆ ದಿನ ಧರ್ಮರಾಜ ಉಳ್ಳಾಗಡ್ಡಿ ಹೇರಿಕೊಂಡು ಸೋಲಾಪುರದ ಬಜಾರಕ್ಕೆ ಹೋಗಿದ್ದ. ತಿರುಗಿ ಬಂದು ನೋಡಿದರೆ ಪೈಪು ಮಣ್ಣಿನೊಳಗೆ, ಮೇಲೆ ಹಸಿ ಮಣ್ಣಿನ ಸಾಲು.

“ಇದು ನಮ್ಮ ಕಡಿ ಬಂದದ ಕಾಕಾ.”

“ಬದುವಿನ ನಡುವ ಅದನೋ. ಬರೋಬರ ನಡುವ.”

ನಡು ಯಾವುದು? ಬದುವಿನ ಮೇಲಿನ ಗಡಿಯ ಬಾಂದಕಲ್ಲು ನೋಡಿದರೆ ತಿಳಿಯುತ್ತದೆ, ಅದು ಸಂಸ್ಥಾನದ ಕಾಲದಿಂದ ನಟ್ಟ ಕಲ್ಲು. ಇಬ್ಬರೂ ನೋಡಲು ಹೋದರು. ಕಲ್ಲೇ ಇಲ್ಲ! ಚಿಕ್ಕವನಿದ್ದಾಗ ಧರ್ಮರಾಜ ಅದರ ಮೇಲೆ ಕೂತು ಶೇಂಗಾ ತಿಂದಿದ್ದ. ಎಲ್ಲಿ ಕೂತಿದ್ದ? ಬೇವಿನ ಗಿಡದ ಪಕ್ಕಕ್ಕೆ. ಬೇವಿನ ಗಿಡ ಎಲ್ಲಿ? ಅದನ್ನು ಕಡಿದು ಎಷ್ಟೋ ವರ್ಷವಾಯಿತು, ಬುಡದ ಗುರುತೂ ಉಳಿದಿರಲಿಲ್ಲ.

ಊರೇ ಹಾಗೆ. ಬೋರಿದಿನ್ನಿ ಎಂದು ಅದರ ಹೆಸರು. ಬೋರಿ ಹೊಳೆಯ ತಗ್ಗು ಬಿಟ್ಟು ಏರಿ ಏರಿ ಬಂದರೆ ನೆತ್ತಿಯ ಮೇಲೆ ಸಿಗುತ್ತದೆ. ನೀರೆಲ್ಲ ಕೆಳಗೆ ಕುರನೂರ ಡ್ಯಾಮಿನ ಕಡೆಗೆ ಓಡುತ್ತದೆ, ಗಾಳಿಯೊಂದೇ ಮೇಲೆ ಬರುತ್ತದೆ. ಎರಡು ಚಹಾದಂಗಡಿ, ಒಂದು ಬೀಜ-ಗೊಬ್ಬರದ ಅಂಗಡಿ, ವಾರದ ಸಂತೆ, ಕರಜಗಿಯ ಎಸ್.ಟಿ. ಬಸ್ಸು. ಈ ಊರನ್ನು ಕಟ್ಟಿದವರು ಯಾರು ಎಂದು ಕೇಳಿ. ಒಬ್ಬ ಕುರುಬರು ಎನ್ನುತ್ತಾನೆ, ಇನ್ನೊಬ್ಬ ಸಂಸ್ಥಾನದ ಕುದುರೆಯವರು ಎನ್ನುತ್ತಾನೆ, ಮೂರನೆಯವನು ತನ್ನ ಮುತ್ತಜ್ಜ ಎನ್ನುತ್ತಾನೆ. ಮನೆಯ ಮಾತು ಕನ್ನಡ, ಸಾಲಿಯ ಮಾತು ಮರಾಠಿ, ಹೊಲದ ಉತಾರದ ಮೇಲಿನ ಅಕ್ಷರ ಊರಲೆಕ್ಕ ಬರೆಯುವ ತಲಾಠಿಗೆ ಬಿಟ್ಟು ಯಾರಿಗೂ ತಿಳಿಯುವುದಿಲ್ಲ. ಯಾವ ಹೊಲ ಯಾರದು, ಯಾವ ದಾರಿ ಎಲ್ಲಿಗೆ, ಎಲ್ಲವೂ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ. ಎಂಟನೆಯ ಇಯತ್ತೆಗೆ ಸಾಲಿ ಬಿಟ್ಟ ಧರ್ಮರಾಜನಿಗೆ ಇದನ್ನು ನೆನೆದರೆ ಮೈಯೆಲ್ಲ ಉರಿಯುತ್ತಿತ್ತು. ಬಾಯಿಯ ಮಾತು ತಿರುಗುತ್ತದೆ, ಕಲ್ಲು ತಿರುಗುವುದಿಲ್ಲ ಎಂದು ಅವನು ನಂಬಿದ್ದ. ಆ ಕಲ್ಲನ್ನೇ ಯಾರೋ ನುಂಗಿ ನೀರು ಕುಡಿದಿದ್ದಾರೆ!

ಹೊಲ ಅಳೆಯುವ ಮೋಜಣಿಯವನು ತಾಲೂಕಿನಿಂದ ಬಂದ. ಸರಪಳಿ ಬಿಚ್ಚಲೇ ಇಲ್ಲ. “ಆಧೀ ಖೂಣ ದಾಖವಾ,” ಎಂದ. ಮೊದಲು ಗುರುತು ತೋರಿಸಬೇಕಂತೆ. ಕಾಲಬೆರಳಿನಿಂದ ಮಣ್ಣಿನಲ್ಲಿ ಅಡ್ಡ ಒಂದು ಗೀಟು, ಉದ್ದ ಒಂದು ಗೀಟು ಎಳೆದು, ಕಲ್ಲಿನ ತಲೆಯ ಮೇಲೆ ಇಂಥ ಗುರುತು ಕೆತ್ತಿರುತ್ತದೆ, ಹುಡುಕಿ ಇಡಿ, ಸುಗ್ಗಿಯಾದ ಮೇಲೆ ಬರುತ್ತೇನೆ ಎಂದು ಹೊರಟುಹೋದ.

ಹುಡುಕಿದರು. ಧರ್ಮರಾಜ ಹುಡುಕಿದ, ಇಂದುಬಾಯಿ ಸೀರೆಯ ಕಚ್ಚೆ ಬಿಗಿದುಕೊಂಡು ಬದುವಿನ ಜಾಲಿ ಮುಳ್ಳೆಲ್ಲ ಸರಿಸಿ ಹುಡುಕಿದಳು, ಆ ಕಡೆಯಿಂದ ಚನ್ನವೀರಪ್ಪನ ಮಗ ಸಿದ್ಧರಾಮ ಹುಡುಕಿದ. ಸಿಗಲಿಲ್ಲ.

ಒಂದು ಸಂತೆಯ ದಿನ, ಚಹಾದಂಗಡಿಯಲ್ಲಿ ಅರ್ಧ ಊರು ಕೂತಿರುವಾಗ, ಧರ್ಮರಾಜ ಚನ್ನವೀರಪ್ಪನ ಎದುರಿಗೆ ನಿಂತು ಅಂದುಬಿಟ್ಟ: “ಮೀಸಿ ಬೆಳ್ಳಗಾದ್ರ ಏನಾತು? ಕಲ್ಲ ಕದಿಯೋ ಕೈ ಕರ್ರಗ ಅದ.”

ಯಾರಿಗೆ ಅಂದ? ಅಪ್ಪ ತೀರಿಕೊಂಡ ವರ್ಷ ತನ್ನ ಹೊಲ ಬಿಟ್ಟು ಮೊದಲು ಇವರ ಹೊಲಕ್ಕೆ ಎತ್ತು ಹೊಡೆದುಕೊಂಡು ಬಂದು ಬಿತ್ತಿಕೊಟ್ಟವನಿಗೆ. ಕೂರಿಗೆ ಹಿಡಿಯುವ ಕೈಗೆ ಕೈ ಇಟ್ಟು ಕಲಿಸಿದವನಿಗೆ. ಚರಗದಲ್ಲಿ ಮುಂದೆ ಚನ್ನವೀರಪ್ಪ, ಹಿಂದೆ ಅಪ್ಪ ಎಂದು ನಡೆದು ಬಂದಿತ್ತು, ಅಪ್ಪ ಹೋದ ಮೇಲೆ ಹಿಂದಿನ ಜಾಗಕ್ಕೆ ಧರ್ಮರಾಜನನ್ನು ಕರೆದು ನಿಲ್ಲಿಸಿಕೊಂಡವನೂ ಅವನೇ. ಚಹಾದಂಗಡಿಯಲ್ಲಿ ಬಸಿಯಿಂದ ತುಟಿಗೆ ಹೋಗುತ್ತಿದ್ದ ಚಹಾ ಅಲ್ಲಲ್ಲೇ ನಿಂತಿತು. ಚನ್ನವೀರಪ್ಪ ಬಸಿ ಕೆಳಗಿಟ್ಟ. ಎದ್ದು ಹೋದ.

ಊರಿನ ಹಿರಿಯ ನಿಂಗಣ್ಣ ನಡುವೆ ಬಂದ. “ಎಳ್ಳಮಾಸಿ ದಿನ ಪಾಂಡವರ ಮುಂದ ಆಣಿ ಆಗಲಿ. ಕದ್ದಿಲ್ಲ ಅಂತ ಅವ ಕೈ ಇಟ್ಟ ಹೇಳಿದರ ನಿನ್ನ ಬಾಯಿ ಬಂದ್. ಆಮ್ಯಾಲ ಊರ ಮುಂದ ನೀ ಅವನ ಕಾಲ ಹಿಡೀಬೇಕು. ಕಬೂಲ?”

“ಕಬೂಲ. ಅವ ಬರಂಗಿಲ್ಲ ತಗೋರಿ. ಕೈ ನಡಗತದ ಅವಂದು.”

ಬರುತ್ತೇನೆ ಎಂದು ಚನ್ನವೀರಪ್ಪ ಹೇಳಿ ಕಳಿಸಿದ್ದ.

ಹಾಗಾಗಿ ಈ ಕುರಪಿ. ಮೊದಲ ಕಲ್ಲು ಧರ್ಮರಾಯ. ಎಳ್ಳಮಾಸೆ ಹತ್ತಿರ ಬಂದಾಗ ಹುಟ್ಟಿದ್ದಕ್ಕೆ ಕುರಪಿ ಹಿಡಿದವನಿಗೂ ಅದೇ ಹೆಸರು ಬಿದ್ದಿತ್ತು. ಸುಣ್ಣ ಹಪ್ಪಳದ ಹಾಗೆ ಎದ್ದು ಬಂತು, ಒಳಗೆ ಹೊಳೆಯ ನುಣ್ಣನೆಯ ಕರಿಗಲ್ಲು. ಭೀಮ ಹಾಗೇ, ಅರ್ಜುನ ಹಾಗೇ, ನಕುಲ ಹಾಗೇ. ಕಡೆಯವನು ಸಹದೇವ. ಇವನ ಸುಣ್ಣ ತೆಳ್ಳಗಿತ್ತು, ಎರಡೇ ಏಟಿಗೆ ಬಿದ್ದುಹೋಯಿತು. ಒಳಗೆ ಹೊಳೆಗಲ್ಲಲ್ಲ, ಮೂಲೆ ಹೊಡೆದು ಚೌಕ ಮಾಡಿದ ಕಲ್ಲು. ತಲೆಯ ಮೇಲಿನ ಧೂಳನ್ನು ಧರ್ಮರಾಜ ಅಂಗೈಯಿಂದ ಒರೆಸಿದ.

ಅಡ್ಡ ಒಂದು ಗೀಟು. ಉದ್ದ ಒಂದು ಗೀಟು.

ಅವನಿಗೆ ಮೊದಲು ನಗು ಬಂತು. ಆಮೇಲೆ ಮೋಜಣಿಯವನ ಕಾಲಬೆರಳು ನೆನಪಾಯಿತು. ಮತ್ತೆ ಒರೆಸಿದ, ಉಗುಳು ಹಚ್ಚಿ ಒರೆಸಿದ. ಗೀಟುಗಳು ಅಲ್ಲೇ ಇದ್ದವು.

“ಯವ್ವಾ! ಇಲ್ಲಿ ಬಾ.”

“ಅಂಬಲಿ ಅಡಿ ಹತ್ತತದ.”

“ಹತ್ತಲಿ! ಬಾ ಅಂದೆ!”

ಇಂದುಬಾಯಿ ಸೌಟು ಹಿಡಿದೇ ಬಂದಳು.

“ಈ ಕಲ್ಲ ಎಲ್ಲಿಂದ ಬಂತು?”

“ಯಾವ ಕಲ್ಲೋ?”

“ಇದು! ಕಡೀದು!”

“ಅದು ಕಲ್ಲೇನೋ? ಸಹದೇವ ಅದ.” ಅವಳು ಗಲ್ಲಕ್ಕೆ ಬೆರಳು ಮುಟ್ಟಿಸಿಕೊಂಡಳು. “ಹಿಂದ ಆ ಬಾಡಿಗಿ ಟ್ರ್ಯಾಕ್ಟರದಾವ ರಿವರ್ಸ ತಗೊಳ್ಳಾಕ ಹೋಗಿ ಸಹದೇವನ ಮ್ಯಾಲ ಗಾಲಿ ಹಾಯಿಸಿದ್ನಲ್ಲ, ಎರಡ ಹೋಳಾತು. ಹಬ್ಬ ನಾಳಿಗಿ ಅದ, ದೇವರು ನಾಕ ಮಂದಿ ಉಳದಾರ. ಏನ ಮಾಡ್ಲಿ? ಬದುವಿನ ಮ್ಯಾಲ ಒಂದ ಚಂದ ಕಲ್ಲ ಬಿದ್ದಿತ್ತು. ನಾನೂ ಕೂಲಿ ಬೀರವ್ವನೂ ಕೂಡಿ ಮೇವಿನ ಬಂಡ್ಯಾಗ ಹೇರಿಕೊಂಡ ಬಂದ್ವಿ. ಸುಣ್ಣ ಹಚ್ಚಿ ಕುಂದರಿಸಿದ್ವಿ.”

“ಬದುವಿನ ಮ್ಯಾಲ.”

“ಹೌದು.”

“ಕಾಕಾನ ಬದುವಿನ ಮ್ಯಾಲ.”

“ನಮ್ಮದೂ ಬದುವೇ ಅಲ್ಲೇನು ಅದು?”

ಧರ್ಮರಾಜ ಎದ್ದು ನಿಂತ, ಮತ್ತೆ ಕೂತ. “ಯವ್ವಾ, ಮಳಿಗಾಲದಾಗಿಂದ ಊರ ಹುಡಿ ಹಾರಿಸೀನಿ ನಾ ಈ ಕಲ್ಲಿನ ಸಲುವಾಗಿ! ನೀನೂ ನನ್ನ ಸಂಗಾಟ ಹುಡಿಕೀದಿ! ಮುಳ್ಳ ಚುಚ್ಚಿಸಿಕೊಂಡ ಹುಡಿಕೀದಿ!”

“ಹುಡಿಕೀನಿ. ಕಲ್ಲ ಹುಡಿಕೀನಿ. ದೇವರನ್ಯಾಕ ಹುಡಕಲಿ, ದೇವರು ಇಲ್ಲೇ ಕುಂತಿದ್ದ.”

ಅವಳು ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳಾಗಿದ್ದರೆ ಧರ್ಮರಾಜನಿಗೆ ಎಷ್ಟೋ ಸಲೀಸಾಗುತ್ತಿತ್ತು, ಸಿಟ್ಟು ಮಾಡಲು ಒಂದು ಜಾಗ ಸಿಗುತ್ತಿತ್ತು. ಅವಳ ಕಣ್ಣಲ್ಲಿ ಗಾಬರಿಯೂ ಇರಲಿಲ್ಲ, ತಪ್ಪೂ ಇರಲಿಲ್ಲ. ಒಮ್ಮೆ ಸುಣ್ಣ ಹತ್ತಿ, ಕುಂಕುಮ ಹತ್ತಿ, ಕಡಬು ಉಂಡ ಮೇಲೆ ಅದು ಅವಳ ಪಾಲಿಗೆ ಕಲ್ಲಾಗಿ ಉಳಿದೇ ಇರಲಿಲ್ಲ.

“ನಟ್ಟಿದ್ದನ್ನ ಕಿತ್ತಿರೇನು?”

“ಛೀ, ಬಿದ್ದಿತ್ತು. ನಿಂತಿದ್ದರ ನಾ ಯಾಕ ಮುಟ್ಟತಿದ್ದೆ?”

“ಯಾರ ಬೀಳಿಸಿದ್ರು ಮತ್ತ?”

“ಮಳಿ ಬೀಳಿಸಿರಬೇಕು. ಇಲ್ಲಾ ಅದೇ ಟ್ರ್ಯಾಕ್ಟರ. ಅವರ ಹೊಲ ಹೊಡ್ಯಾಕ ಬಂದಾಗೋ, ನಮ್ಮ ಹೊಲ ಹೊಡ್ಯಾಕ ಬಂದಾಗೋ. ಒಂದೇ ಟ್ರ್ಯಾಕ್ಟರ ಅಲ್ಲೇನು ಇಬ್ಬರದೂ?” ಎಂದು ಹೇಳಿ, ಅಡಿ ಹತ್ತಿದ ವಾಸನೆ ಬಂದದ್ದರಿಂದ ಒಲೆಯ ಕಡೆಗೆ ಓಡಿದಳು.

ಯಾರ ಮೇಲೆ ಸಿಟ್ಟು ಮಾಡಬೇಕು? ಚನ್ನವೀರಪ್ಪನ ಮೇಲೆ? ಅವನು ಕದ್ದಿಲ್ಲ. ಅವ್ವನ ಮೇಲೆ? ಅವಳೂ ಕದ್ದಿಲ್ಲ. ಟ್ರ್ಯಾಕ್ಟರದವನ ಮೇಲೆ, ಮಳೆಯ ಮೇಲೆ, ಸಹದೇವನ ಮೇಲೆ? ಇಷ್ಟು ದಿನ ಎದೆಯೊಳಗೆ ಕುದಿದದ್ದೆಲ್ಲ ಒಂದೇ ಸಲ ಮನೆ ಇಲ್ಲದ ನಾಯಿಯ ಹಾಗೆ ತಿರುಗಾಡತೊಡಗಿತು. ತಾನೇ ಕಳ್ಳ ಎಂದುಕೊಂಡು ನೋಡಿದ. ಅದೂ ಪೂರ್ತಿ ಸರಿಹೊಂದಲಿಲ್ಲ. ಕದಿಯದೆ ಕಳ್ಳನಾಗುವುದು ಹ್ಯಾಗೆ? ಆದರೆ ಊರು ಇದನ್ನೆಲ್ಲ ತೂಗಿ ನೋಡುತ್ತದೆಯೇ? ಬದುವಿನ ಕಲ್ಲನ್ನು ತಂದು ದೇವರು ಮಾಡಿ ಕೂರಿಸಿಕೊಂಡು, ಅದರ ಮೇಲೆಯೇ ಎದುರಾಳಿಯ ಕೈಯಿಂದ ಆಣೆ ಮಾಡಿಸಿದ ಮನೆ ಎಂದು ಕರಜಗಿಯವರೆಗೂ ಆಡಿಕೊಂಡು ನಗುತ್ತದೆ.

ದೂರದಲ್ಲಿ ಬಂಡಿಯ ಗಂಟೆ ಕೇಳಿಸಿತು. ಚನ್ನವೀರಪ್ಪನ ಬಂಡಿ. ಅದರ ಹಿಂದೆ ನಿಂಗಣ್ಣ ಮತ್ತು ಊರಿನ ನಾಲ್ಕಾರು ಜನ.

ಸುಣ್ಣದ ಬಕೀಟು ಕೈಯಳತೆಯಲ್ಲೇ ಇತ್ತು.

ಧರ್ಮರಾಜ ಬೇರೇನೂ ಯೋಚಿಸಲಿಲ್ಲ. ಪುಂಡಿ ನಾರಿನ ಕುಂಚ ಅದ್ದಿ ಸಹದೇವನ ತಲೆಗೆ ಬಳಿದ. ದಪ್ಪಗೆ ಬಳಿದ. ಗೀಟುಗಳು ತುಂಬಿಹೋದವು. ಉಳಿದ ನಾಲ್ವರಿಗೂ ಬಳಿದ. ಹಸಿ ಸುಣ್ಣದ ಮೇಲೆ ಹುರಮಂಜಿಯ ಬೊಟ್ಟು ಇಟ್ಟ. ಮನೆಯ ದೇವರಿಗೆ ಮನೆಯವನು ಸುಣ್ಣ ಹಚ್ಚಿದರೆ ಯಾರೇನು ಕೇಳುತ್ತಾರೆ?

ಅವಸರಕ್ಕೆ ಸುಣ್ಣ ಅವನ ಮುಖಕ್ಕೂ ಸಿಡಿಯಿತು.

ಚನ್ನವೀರಪ್ಪ ತೊಳೆದ ಧೋತರ ಉಟ್ಟು, ತಲೆಗೆ ಪಟಕಾ ಸುತ್ತಿ ಬಂದಿದ್ದ. ಜೊತೆಗೆ ಸಿದ್ಧರಾಮ. ಸಿದ್ಧರಾಮನ ಹೆಗಲ ಮೇಲೆ ಅವನ ಪುಟ್ಟ ಮಗಳು ಗೋಪಿಕಾ, ಕೈಯಲ್ಲಿ ಹಸಿ ಕಡಲೆಯ ಗಿಡ ಹಿಡಿದು ಒಂದೊಂದೇ ಕಾಯಿ ಬಿಡಿಸಿ ತಿನ್ನುತ್ತ.

“ಬರ್ರಿ ಭಾವಾರ,” ಎಂದಳು ಇಂದುಬಾಯಿ, ಏನೂ ನಡೆದೇ ಇಲ್ಲವೆಂಬಂತೆ. “ಅಂಬಲಿ ಸ್ವಲ್ಪ ಅಡಿ ಹತ್ತ್ಯಾದ, ಬಾಯಿ ಮಾಡಬ್ಯಾಡ್ರಿ.”

“ಉಣ್ಣಾಕ ಬಂದಿಲ್ಲ ಇಂದವ್ವ. ಆಣಿ ಮಾಡಾಕ ಬಂದೀನಿ.” ಅವನು ಧರ್ಮರಾಜನ ಕಡೆ ನೋಡಲಿಲ್ಲ.

ಸಿದ್ಧರಾಮ ನೋಡಿದ. “ಏನೋ ಧರ್ಮ್ಯಾ, ಮಾರಿಗಿ ಸುಣ್ಣ ನೀನೂ ಹಚ್ಕೊಂಡಿ? ಆರನೇ ಪಾಂಡವ ಆದಿ ಏನ?”

ಯಾರೋ ನಕ್ಕರು. ಧರ್ಮರಾಜ ಮುಖ ಒರೆಸಿಕೊಂಡ.

ಕಾಯಿ ಒಡೆದು, ಊದಿನಕಡ್ಡಿ ಹಚ್ಚಿದ ಮೇಲೆ ನಿಂಗಣ್ಣ ಕೆಮ್ಮಿದ. “ಹೂಂ, ಆಗಲಿ. ಚರಗದ ಹೊತ್ತು ಮೀರತದ.”

ಚನ್ನವೀರಪ್ಪ ಮೊಣಕಾಲೂರಿ ಕೂತ. ಧರ್ಮರಾಯನ ಮೇಲೆ ಬಲಗೈ ಇಟ್ಟ. ಭೀಮನ ಮೇಲೆ, ಅರ್ಜುನನ ಮೇಲೆ, ನಕುಲನ ಮೇಲೆ. ಕಡೆಗೆ ಸಹದೇವನ ಮೇಲೆ ಅಂಗೈ ಊರಿ, ಅಲ್ಲೇ ಬಿಟ್ಟ. ಧರ್ಮರಾಜ ಆ ಅಂಗೈಯನ್ನೇ ನೋಡಿದ. ಮುದುಕನ ಬೆರಳಿಗೆ ಗೀಟು ಹತ್ತಿತೇ? ಹತ್ತಿದ್ದರೆ ಮುಖದಲ್ಲಿ ಕಾಣಬೇಕಿತ್ತಲ್ಲ? ಅವನ ಮುಖದಲ್ಲಿ ಏನೂ ಕಾಣಲಿಲ್ಲ.

“ಆ ಬಾಂದಕಲ್ಲು ನನ್ನ ಮನ್ಯಾಗಿಲ್ಲ, ನನ್ನ ಹೊಲದಾಗಿಲ್ಲ, ನನ್ನ ಬಾವ್ಯಾಗಿಲ್ಲ,” ಎಂದ ಚನ್ನವೀರಪ್ಪ, ದನಿ ಏರಿಸದೆ. “ನಾ ಕಿತ್ತಿಲ್ಲ, ಕಿತ್ತಿಸಿಲ್ಲ. ಅದು ಎಲ್ಲಿ ಅದ ಅಂತ ಈ ಐದು ಮಂದಿಗೆ ಗೊತ್ತು, ನನಗ ಗೊತ್ತಿಲ್ಲ.”

“ಸಾಕಲ್ಲ ನಿಂಗಣ್ಣ?” ಎಂದ ಗುಂಪಿನಲ್ಲಿ ಒಬ್ಬ.

“ಇನ್ನೊಂದ ಮಾತದ. ಪದ್ಧತಿ ಪ್ರಕಾರ ಆಗಲಿ. ಸುಳ್ಳಾದರ ಏನು ಅನ್ನೂದ ಹೇಳಬೇಕು.”

ಚನ್ನವೀರಪ್ಪ ಎಡಗೈ ಚಾಚಿದ. ಸಿದ್ಧರಾಮ ಒಂದು ಗಳಿಗೆ ಹಿಂದೆ ಮುಂದೆ ನೋಡಿ ಮಗಳನ್ನು ಹೆಗಲಿನಿಂದ ಇಳಿಸಿದ. ಮುದುಕ ಆ ಕೂಸಿನ ನೆತ್ತಿಯ ಮೇಲೆ ಎಡಗೈ ಇಟ್ಟ. ಬಲಗೈ ಸಹದೇವನ ಮೇಲೇ ಇತ್ತು. ಕೂಸು ಇದೇನೋ ಆಟವೆಂದು ತಿಳಿದು ಅಜ್ಜನಿಗೆ ಒಂದು ಹಸಿ ಕಡಲೆ ಕೊಡಹೋಯಿತು.

“ನನ್ನ ಮಾತು ಸುಳ್ಳಾದರ ಈ ಕೂಸಿನ...”

“ಸಾಕು!”

ಅದು ತನ್ನದೇ ದನಿ ಎಂದು ಧರ್ಮರಾಜನಿಗೆ ತಡವಾಗಿ ತಿಳಿಯಿತು. ಎಲ್ಲರೂ ತಿರುಗಿದರು. ಜಗಳದ ಮಾತಾದರೆ ಅವನ ಬಾಯಿಗೆ ಎಷ್ಟು ಬೇಕಾದರೂ ಬರುತ್ತಿತ್ತು. ಇದು ಬೇರೆ ಮಾತು. ಅವನು ಮುನ್ನುಗ್ಗಿ ಚನ್ನವೀರಪ್ಪನ ಕೈ ತೆಗೆದು ಪಕ್ಕಕ್ಕಿಟ್ಟ, ಬಾಗಿ ಸಹದೇವನನ್ನು ಅಪ್ಪಿ ಎತ್ತಿದ.

“ಅಯ್ಯಯ್ಯ! ದೇವರನ್ನ ಕೀಳಾಕತ್ತಾನ!” ಇಂದುಬಾಯಿ ಬಾಯಿ ಬಡಿದುಕೊಂಡಳು.

ಕಲ್ಲು ತೂಕವಿತ್ತು. ಧರ್ಮರಾಜ ಅದನ್ನು ಎದೆಗೆ ಅವುಚಿಕೊಂಡು ಕಡಲೆಯ ಬೆಳೆಯೊಳಗಿಂದ ನೆಟ್ಟಗೆ ಬದುವಿನ ಕಡೆಗೆ ನಡೆದ. ಹಸಿ ಸುಣ್ಣ ಅಂಗಿಗೆ, ಗದ್ದಕ್ಕೆ, ತೋಳಿಗೆ ಹತ್ತಿತು. ಹಿಂದೆ ಜನ. ಹುಚ್ಚು ಹಿಡಿಯಿತು ಎಂದ ಒಬ್ಬ, ದೇವರು ಮೈಮೇಲೆ ಬಂತು ಎಂದ ಇನ್ನೊಬ್ಬ, “ಅಲ್ಲೋ, ಹೊಳಿಗಿ ಹಾಕ್ತಾನ ಏನ?” ಎಂದ ಮೂರನೆಯವನು. ಬದುವಿಗೆ ಬಂದು ನಿಂತು ಅವನು ಗದ್ದದಿಂದಲೇ ಕಲ್ಲಿನ ತಲೆಯ ಸುಣ್ಣವನ್ನು ಒರೆಸಿದ. ಎರಡೂ ಕೈ ಖಾಲಿ ಇರಲಿಲ್ಲವಲ್ಲ.

“ನೋಡ್ರಿ.”

ನಿಂಗಣ್ಣ ಬಗ್ಗಿ ನೋಡಿದ. ಸಿದ್ಧರಾಮ ನೋಡಿದ. ಅಡ್ಡ ಗೀಟು, ಉದ್ದ ಗೀಟು.

“ಇದು ನಿಮ್ಮ ಕೊಂಪ್ಯಾಗ ಹ್ಯಾಂಗ ಬಂತೋ?” ಎಂದು ಕೇಳಿದ ನಿಂಗಣ್ಣ.

“ಅವ್ವ ತಂದಿದ್ಳು. ಬಿದ್ದಿತ್ತಂತ. ಸಹದೇವ ಒಡದಿದ್ನಂತ. ಯಾರ ಬೀಳಿಸಿದ್ರೋ ಗೊತ್ತಿಲ್ಲ. ನಂಗ ಇವತ್ತ ಮುಂಜಾನಿ ಗೊತ್ತಾತು. ಗೊತ್ತಾದ ಮ್ಯಾಲೂ ಸುಣ್ಣಾ ಹಚ್ಚಿದೆ.” ಅವನು ಚನ್ನವೀರಪ್ಪನ ಕಡೆಗೆ ತಿರುಗಿದ. “ಕಾಕಾ, ನಾ ಕಾಲ ಹಿಡೀಬೇಕು. ಆದ್ರ ಇದನ್ನ ಎಲ್ಲಿ ಇಡ್ಲಿ?”

ಚನ್ನವೀರಪ್ಪ ತನ್ನ ಬಲಗೈ ನೋಡಿಕೊಂಡ. ಅಂಗೈ ಬೆಳ್ಳಗಾಗಿತ್ತು. “ಇವನ ತಲಿ ಮ್ಯಾಲೇ ನನ್ನ ಕೈ ಇಡಿಸಿದೆಲ್ಲೋ. ನನ್ನ ಮೊಮ್ಮಗಳ ನೆತ್ತಿ ಮುಟ್ಟಿಸಿದೆಲ್ಲೋ.” ಅವನ ತುಟಿ ಅದುರಿತು. ಸಿಟ್ಟೋ, ಅಳುವೋ, ಧರ್ಮರಾಜನಿಗೆ ತಿಳಿಯಲಿಲ್ಲ. “ನಿಮ್ಮಪ್ಪ ಇದ್ದಿದ್ರ...” ಅಷ್ಟಕ್ಕೇ ಬಿಟ್ಟ.

“ಅದೆಲ್ಲ ಆಮ್ಯಾಲ,” ಎಂದ ನಿಂಗಣ್ಣ. “ಹುಡುಗನ ತೋಳ ಬಿದ್ದ ಹೋಗ್ತಾವ. ಇದು ಎಲ್ಲಿ ನಟ್ಟಿತ್ತು? ಅದನ್ನ ಹೇಳ್ರಿ ಮೊದಲ.”

ಚನ್ನವೀರಪ್ಪ ಬದು ದಾಟಿ ತನ್ನ ಹೊಲದೊಳಗೆ ಎರಡು ಹೆಜ್ಜೆ ಇಟ್ಟು ಕಾಲೂರಿದ. “ಇಲ್ಲಿ.”

ಅಂದರೆ ಪೈಪು ಧರ್ಮರಾಜನ ಹೊಲದಲ್ಲಿತ್ತು. ಅಂದರೆ ಮಳೆಗಾಲದಿಂದ ಅವನು ಹೇಳುತ್ತ ಬಂದದ್ದೇ ಖರೆ. ಕುಣಿಯಬೇಕಾದ ಮಾತು. ಅವನಿಗೆ ಕುಣಿಯುವ ಮನಸ್ಸೇ ಬರಲಿಲ್ಲ.

“ಸುಳ್ಳು!” ಇಂದುಬಾಯಿ ಏದುಸಿರು ಬಿಡುತ್ತ ಬಂದಳು. “ನಾ ಎತ್ತಿದ್ದು ಅಲ್ಲಿಂದಲ್ಲ. ಇಲ್ಲಿಂದ.” ಅವಳು ತನ್ನದೇ ಕಡಲೆಯ ಸಾಲಿನಲ್ಲಿ ನಿಂತಳು. “ನಮ್ಮ ಕಡಿ ಇತ್ತು.”

“ಬಿದ್ದ ಉರಳಿರಬೇಕ ಇಂದವ್ವ. ನಟ್ಟಿದ್ದು ಇಲ್ಲೇ.”

“ಉರಳ್ಳಾಕ ಅದು ಮೂಲಂಗಿ ಏನ್ರಿ? ಇಲ್ಲಿತ್ತು! ದೇವರ ಮುಂದ ಸುಳ್ಳ ಹೇಳಬ್ಯಾಡ್ರಿ ಭಾವಾರ, ಈಗಷ್ಟ ಆಣಿ ಮಾಡೀರಿ.”

“ಅದಕ್ಕ ಹೇಳಾಕತ್ತೀನಿ! ಆಣಿ ಮಾಡಿದ ಕೈ ಇನ್ನೂ ಒಣಗಿಲ್ಲ. ನಿಮ್ಮ ಪಾಲು ನುಂಗಿ ನಾ ಎಲ್ಲಿ ಹೋಗ್ಲಿ?”

“ನಮಗೇನ ಬ್ಯಾಡ ನಿಮ್ಮ ಪಾಲು!”

ದನಿಗಳು ಏರಿದವು. ಚನ್ನವೀರಪ್ಪ ತನ್ನ ಹೊಲದೊಳಗೆ ಇನ್ನೊಂದು ಹೆಜ್ಜೆ ಹಿಂದೆ ಸರಿದ, ಇಂದುಬಾಯಿ ಇನ್ನೊಂದು ಸಾಲು ಕಡಲೆ ತುಳಿದಳು. ಸಿದ್ಧರಾ‌ಮ ತಲೆ ಹಿಡಿದುಕೊಂಡ. “ಅರೇ, ಯಾರರ ಒಬ್ಬರು ತಮ್ಮ ಕಡಿ ಎಳಕೋರಿ! ಇಷ್ಟ ದಿನ ಎಳದ ಎಳದ ಹರದ್ರಿ, ಇವತ್ತ ಯಾರಿಗೂ ಬ್ಯಾಡಾಗೇದ!”

ನಡುವೆ ಧರ್ಮರಾಜ. ತೋಳಿನಲ್ಲಿ ಸಹದೇವ. ಆ ಕಡೆ ನೋಡಿದರೆ ಕಾಕಾ ತನ್ನ ಭೂಮಿ ಬಿಟ್ಟುಕೊಡುತ್ತೇನೆ ಎಂದು ಸಿಟ್ಟಾಗುತ್ತಿದ್ದಾನೆ, ಈ ಕಡೆ ನೋಡಿದರೆ ಅವ್ವ ತನ್ನ ಭೂಮಿ ಬಿಟ್ಟುಕೊಡುತ್ತೇನೆ ಎಂದು ಸಿಟ್ಟಾಗುತ್ತಿದ್ದಾಳೆ. ಇದು ಜಗಳವೋ, ರಾಜಿಯೋ? ಖರೆ ಜಾಗ ಯಾವುದು? ಬಾಯಿಯ ಮಾತು ತಿರುಗುತ್ತದೆ ಎಂದು ತಿಳಿದಿದ್ದ. ಕಲ್ಲೂ ಬಂಡಿ ಹತ್ತಿ ತಿರುಗಾಡಿ ಬಂದಿತ್ತು. ಈಗ ಕಲ್ಲು ಸಿಕ್ಕಿದೆ, ಜಾಗ ಕಳೆದಿದೆ. ಯಾರನ್ನು ಕೇಳುವುದು? ಕೈಯೊಳಗಿದ್ದ ಸಹದೇವನನ್ನೇ ಕೇಳಬೇಕು. ಎಲ್ಲ ಬಲ್ಲವನಂತೆ ಅವನು, ಆದರೆ ಬಾಯಿ ಬಿಡುವವನಲ್ಲ.

ತೋಳು ಸೋತವು. ಕಲ್ಲು ಜಾರಿತು. ಹಾಕಬೇಕೆಂದು ಹಾಕಿದ್ದಲ್ಲ, ಬಿಟ್ಟದ್ದೂ ಅಲ್ಲ. ದೊಪ್ಪನೆ ಬದುವಿನ ಮೇಲೆ ಬಿದ್ದು, ಮೆತ್ತನೆಯ ಮಣ್ಣಿನಲ್ಲಿ ಅರ್ಧ ಹೂತು, ಸ್ವಲ್ಪ ವಾಲಿ ನಿಂತಿತು.

ಎಲ್ಲರೂ ಅದರ ಕಡೆ ನೋಡಿದರು. ಪೈಪಿನ ಮೇಲೆಯೇ ಬಿದ್ದಿತ್ತೋ, ಪಕ್ಕಕ್ಕೋ?

“ಇಲ್ಲೇ ಕುಂತಾನ ನೋಡ್ರಿ ತಾನ,” ಎಂದಳು ಇಂದುಬಾಯಿ. ಅವಳ ದನಿ ಒಮ್ಮೆಲೇ ಇಳಿಯಿತು. ಎರಡೂ ಕೈ ಮುಗಿದಳು. ಆಮೇಲೆ ಏನೋ ನೆನಪಾಗಿ, “ಒಬ್ಬನ ಹ್ಯಾಂಗ ಕುಂತಾನು?” ಎನ್ನುತ್ತ ಕೊಂಪಿಯ ಕಡೆಗೆ ತಿರುಗಿದಳು. ಒಂದೊಂದೇ ಕಲ್ಲನ್ನು ಸೆರಗಿನಲ್ಲಿ ಕಟ್ಟಿಕೊಂಡು ತರತೊಡಗಿದಳು. ನಕುಲ ಬಂದ, ಅರ್ಜುನ ಬಂದ. ಭೀಮ ಭಾರವಾಗಿದ್ದ, ಸಿದ್ಧರಾಮ ಓಡಿಹೋಗಿ ಹೊತ್ತು ತಂದ. ಧರ್ಮರಾಯನನ್ನು ಗೋಪಿಕಾ ತರುತ್ತೇನೆಂದು ಹಟ ಮಾಡಿತು, ಇಂದುಬಾಯಿಯ ಸೆರಗಿನ ತುದಿ ಹಿಡಿಯಲು ಬಿಟ್ಟರು. ಬದುವಿನ ಮೇಲೆ ಐವರೂ ಸಾಲಾಗಿ ಕೂತರು. ಇಂದುಬಾಯಿ ಬಕೀಟು ತಂದು ಉದುರಿದ ಕಡೆಯೆಲ್ಲ ಮತ್ತೆ ಸುಣ್ಣ ಹಚ್ಚಿದಳು. ಗೀಟುಗಳು ಇನ್ನೊಮ್ಮೆ ಮುಚ್ಚಿಹೋದವು.

“ಮೋಜಣಿಯಾವ ಬಂದ್ರ ಏನ ತೋರಸೂದು?” ಎಂದು ಕೇಳಿದ ಸಿದ್ಧರಾಮ.

“ಐದರಾಗ ಒಂದು ಅಂತ ಹೇಳೂದು,” ಎಂದ ನಿಂಗಣ್ಣ. “ಹುಡಕ್ಲಿ. ಅವಗೂ ಒಂದೀಟ ಕೆಲಸ ಬೇಕಲ್ಲ.”

ಧರ್ಮರಾಜ ಚನ್ನವೀರಪ್ಪನ ಮುಂದೆ ಹೋಗಿ ಬಾಗಿದ. ಪಾದ ಮುಟ್ಟುವಷ್ಟರಲ್ಲಿ ಮುದುಕ ಕಾಲು ಹಿಂದೆ ತೆಗೆದುಕೊಂಡ.

“ಕೈಗಿ ಸುಣ್ಣದ, ಧೋತರಕ್ಕ ಹತ್ತತದ,” ಎಂದ.

ಅಷ್ಟೇ ಅರ್ಥವೋ, ಬೇರೆ ಅರ್ಥವೋ? ಧರ್ಮರಾಜ ಬಾಗಿದವನು ಬಾಗಿದಂತೆಯೇ ಉಳಿದ. ಮುಖ ಎತ್ತುವಷ್ಟರಲ್ಲಿ ಚನ್ನವೀರಪ್ಪ ಬುಟ್ಟಿ ಎತ್ತಿಕೊಂಡಾಗಿತ್ತು. ಒಳಗೆ ಕಡಬು, ಉಂಡಿ, ಭಜ್ಜಿ, ಎಲ್ಲ ಕಲಸಿದ ಚರಗ. ಬಂಡಿಯಲ್ಲಿ ಬಂದ ಬುತ್ತಿ ಬಿಚ್ಚಿ, ಎರಡು ಮನೆಯ ಅಡುಗೆಯನ್ನೂ ಇಂದುಬಾಯಿ ಒಂದರಲ್ಲೇ ಕಲಸಿದ್ದಳು, ಯಾರನ್ನೂ ಕೇಳದೆ.

ಚನ್ನವೀರಪ್ಪ ಬದುವಿನ ಮೇಲೆ ನಡೆಯತೊಡಗಿದ. ಹಿಂದಿನ ಜಾಗ ಖಾಲಿ ಇತ್ತು. ನೀರಿನ ತಂಬಿಗೆ ಕಲ್ಲುಗಳ ಪಕ್ಕದಲ್ಲಿತ್ತು. ಬಾ ಎಂದು ಯಾರೂ ಕರೆಯಲಿಲ್ಲ, ಬೇಡ ಎಂದೂ ಯಾರೂ ಹೇಳಲಿಲ್ಲ. ಸಿದ್ಧರಾಮ ಕೂಡ ತಂಬಿಗೆಗೆ ಕೈ ಹಾಕಲಿಲ್ಲ.

“ಹುಲ್ಲಿಗ್ಯೋ...” ಮುದುಕನ ದನಿ ತೊಗರಿಯ ಮೇಲೆ, ಜೋಳದ ತೆನೆಗಳ ಮೇಲೆ ಹಾಯ್ದು ಕೆಳಗೆ ಬೋರಿಯ ತಗ್ಗಿಗೆ ಇಳಿಯಿತು. ಅವನು ಮೊದಲ ಹಿಡಿ ಚೆಲ್ಲಿ ನಿಂತ. ತಿರುಗಿ ನೋಡಲಿಲ್ಲ. ಓಗೊಡದೆ ಎರಡನೆಯ ಹಿಡಿ ಚೆಲ್ಲುವಂತಿಲ್ಲ.

ಧರ್ಮರಾಜ ತಂಬಿಗೆ ಎತ್ತಿಕೊಂಡು ಓಡಿದ. ಹಾಗೆ ಓಡಿಸಿದ್ದು ಸಿಟ್ಟೇ ಇರಬೇಕು ಎಂದುಕೊಂಡ, ಅವನಿಗೆ ಗೊತ್ತಿದ್ದದ್ದು ಅದೊಂದೇ.

“ಸಾಲಾಂಬ್ರಿಗ್ಯೋ!” ಎಂದು ಕೂಗಿದ. ಬೇಕಾದದ್ದಕ್ಕಿಂತ ಜೋರಾಯಿತು. ಜೋಳದೊಳಗಿಂದ ಗುಬ್ಬಿಗಳು ಭರ್ರನೆ ಎದ್ದವು.

ಚನ್ನವೀರಪ್ಪ ಆಗಲೂ ತಿರುಗಲಿಲ್ಲ. ಎರಡನೆಯ ಹಿಡಿ ತೆಗೆದು ಗಾಳಿಗೆ ತೂರಿದ. ಗಾಳಿ ಅತ್ತಿಂದಿತ್ತ ಹೊಯ್ದಾಡುತ್ತಿತ್ತು. ಆ ಹಿಡಿ ಯಾರ ಹೊಲದಲ್ಲಿ ಬಿತ್ತೋ, ಅವನ ಹಿಂದೆ ನೀರು ಚಿಮುಕಿಸುತ್ತ ನಡೆದ ಧರ್ಮರಾಜನಿಗೆ ಕಾಣಿಸಲಿಲ್ಲ.